ಹಣ ಹಾಕದ ನಿರ್ಮಾಪಕರು
ಲಾಸ್ ಏಂಜಲೀಸ್‌ನಲ್ಲಿ ನೆಲೆಸಿದ ಮೇಲೆ ಇಲ್ಲಿನ ಟಿವಿ ಸರಣಿಗಳಲ್ಲಿ ತೆರೆಯ ಮೇಲೆ ಮೂಡುವ ಹೆಸರುಗಳನ್ನು ಓದುವುದು ನನಗೊಂದು ಅಭ್ಯಾಸವಾಗಿದೆ. ಒಂದೇ ಕಂತಿಗೆ ಇಷ್ಟೊಂದು ನಿರ್ಮಾಪಕರೇ ಎಂದು ನಮ್ಮ ಕಡೆಯವರಿಗೆ ಅಚ್ಚರಿಯಾಗುವುದು ಸಹಜ. ಆದರೆ ಅವರಲ್ಲಿ ಅನೇಕರು ಒಂದು ಡಾಲರನ್ನೂ ಹೂಡಿದವರಲ್ಲ, ಕೂತು ಕಥೆ ಬರೆದವರು.

ಹೊಸಬರು 'ಸ್ಟಾಫ್ ರೈಟರ್' ಆಗಿ, ಸರಣಿಯ ಕಥೆಯನ್ನು ಒಟ್ಟಿಗೆ ಕೂತು ಹೆಣೆಯುವ ಬರಹಗಾರರ ಕೋಣೆಗೆ ಸೇರುತ್ತಾರೆ. ಅನುಭವ ಬೆಳೆದಂತೆ ಸ್ಟೋರಿ ಎಡಿಟರ್, ಕೋ-ಪ್ರೊಡ್ಯೂಸರ್, ಪ್ರೊಡ್ಯೂಸರ್ ಎಂದು ಹುದ್ದೆ ಏರುತ್ತದೆ. ಎಲ್ಲಕ್ಕಿಂತ ಮೇಲಿರುವುದು ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್. ಇಡೀ ಸರಣಿಯ ಹೊಣೆ ಹೊತ್ತವರನ್ನು 'ಶೋರನ್ನರ್' ಎನ್ನುತ್ತಾರೆ. ಕಂತಿನಿಂದ ಕಂತಿಗೆ ನಿರ್ದೇಶಕರು ಬದಲಾದರೂ ಕೊನೆಯ ಮಾತು ಸಾಮಾನ್ಯವಾಗಿ ಇವರದೇ. ಭಾರತೀಯ ಮೂಲದ ವಲಸಿಗ ದಂಪತಿಯ ಮಗಳಾದ ಮಿಂಡಿ ಕೇಲಿಂಗ್ 24ನೆಯ ವಯಸ್ಸಿನಲ್ಲಿ 'ದಿ ಆಫೀಸ್' ಎಂಬ ಹಾಸ್ಯ ಸರಣಿಯ ಬರಹಗಾರರ ತಂಡವನ್ನು ಅದರ ಏಕೈಕ ಮಹಿಳೆಯಾಗಿ ಸೇರಿ, ಅಲ್ಲಿಯೇ ನಿರ್ಮಾಪಕಿಯ ಮಟ್ಟಕ್ಕೇರಿ, 2012ರಲ್ಲಿ ತಮ್ಮದೇ ಸರಣಿಯನ್ನು ಆರಂಭಿಸಿದ್ದು ಇದೇ ದಾರಿಯಲ್ಲಿ.

ಈ ದಾರಿ ಸ್ಟ್ರೀಮಿಂಗ್ ಬಂದ ಮೇಲೆ ಕುಸಿಯತೊಡಗಿತು. ವರ್ಷಕ್ಕೆ 22ರಷ್ಟು ಕಂತುಗಳಿರುತ್ತಿದ್ದ ಕಡೆ ಎಂಟೋ ಹತ್ತೋ ಉಳಿದವು. 'ಮಿನಿ ರೂಮ್' ಎಂಬ ಪದ್ಧತಿಯಲ್ಲಿ ಕೆಲವೇ ಮಂದಿಯಿಂದ ಕೆಲವೇ ವಾರಗಳಲ್ಲಿ ಚಿತ್ರಕಥೆ ಬರೆಸಿಕೊಂಡು, ಚಿತ್ರೀಕರಣಕ್ಕೆ ಮೊದಲೇ ಅವರನ್ನು ಕಳುಹಿಸಿಬಿಡುತ್ತಿದ್ದರು. ಸೆಟ್ಟನ್ನೂ ಸಂಕಲನವನ್ನೂ ಕಣ್ಣಾರೆ ಕಾಣದ ಬರಹಗಾರ ನಾಳೆ ಸರಣಿಯೊಂದನ್ನು ನಡೆಸುವುದಾದರೂ ಹೇಗೆ? ಮರುಪ್ರಸಾರವಾದಾಗಲೆಲ್ಲ ಕೈಸೇರುತ್ತಿದ್ದ 'ರೆಸಿಡ್ಯುಯಲ್' ಹಣವೂ ಸ್ಟ್ರೀಮಿಂಗ್‌ನಲ್ಲಿ ಸೊರಗಿತು.

2023ರ ಮೇ 2ರಂದು ಬರಹಗಾರರ ಸಂಘವಾದ ರೈಟರ್ಸ್ ಗಿಲ್ಡ್ ಮುಷ್ಕರ ಹೂಡಿತು. ಬರ್ಬ್ಯಾಂಕ್‌ನ ಸ್ಟುಡಿಯೋ ಗೇಟುಗಳ ಮುಂದೆ ಜನ ಬಿಸಿಲಿನಲ್ಲಿ ಫಲಕ ಹಿಡಿದು ನಡೆಯುತ್ತಿದ್ದರು; ಫಲಕಗಳ ಮೇಲಿನ ಚುರುಕು ಮಾತುಗಳನ್ನು ನೋಡಿದರೆ ಬರೆಯುವವರ ಮುಷ್ಕರ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಜುಲೈನಲ್ಲಿ ನಟರ ಸಂಘವೂ ಮುಷ್ಕರಕ್ಕಿಳಿಯಿತು.

ಊರಿನಿಂದ ಫೋನ್ ಮಾಡಿದವರೆಲ್ಲ ಕೇಳುತ್ತಿದ್ದುದು ಬರಹಗಾರರ ಕೆಲಸಕ್ಕೆ ಕೃತಕ ಬುದ್ಧಿಮತ್ತೆಯನ್ನು ಬಳಸುವ ವಿಚಾರವನ್ನೇ. 148 ದಿನಗಳ ಬಳಿಕ ಮುಗಿದ ಹೋರಾಟದಲ್ಲಿ ಅದಕ್ಕೂ ಕಡಿವಾಣ ಬಿತ್ತು, ನಿಜ. ನನಗೆ ಹೆಚ್ಚು ಮುಖ್ಯವೆನಿಸಿದ್ದು ಮಾತ್ರ ಒಪ್ಪಂದದಲ್ಲಿದ್ದ, ಯಾರೂ ಕೇಳದ ಇನ್ನೊಂದು ಷರತ್ತು: ಸಾಮಾನ್ಯವಾಗಿ 13 ಅಥವಾ ಹೆಚ್ಚು ಕಂತುಗಳ ಸರಣಿಗೆ ಕನಿಷ್ಠ ಆರು ಬರಹಗಾರರಿರಬೇಕು, ಕೆಲವರನ್ನು ಚಿತ್ರೀಕರಣದ ಅವಧಿಯಲ್ಲೂ ಉಳಿಸಿಕೊಳ್ಳಬೇಕು. ಆದರೆ ಅಷ್ಟರಲ್ಲಿ ಸ್ಟುಡಿಯೋಗಳು ಹೊಸ ಸರಣಿಗಳನ್ನೇ ಕಡಿಮೆ ಮಾಡತೊಡಗಿದ್ದವು; ಷರತ್ತು ಗೆದ್ದುಕೊಂಡವರಲ್ಲಿ ಎಷ್ಟೋ ಮಂದಿ ಮುಷ್ಕರ ಮುಗಿದ ಮೇಲೂ ಕೆಲಸ ಹುಡುಕುತ್ತಲೇ ಇದ್ದರು.