ಮರದ ದನಿ ಕೇಳಿಸುವ ಪಿಕಪ್ ಹುಡುಕಿ

ನನ್ನ ಅಕೌಸ್ಟಿಕ್ ಗಿಟಾರ್‌ನ ಪಿಕಪ್, ಅಂದರೆ ತಂತಿಯ ನಡುಕವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಸಾಧನ, ಕೈಕೊಡಲು ಶುರುವಾದದ್ದು ಮೊದಲ, ಎಂದರೆ ಅತಿ ತೆಳು ತಂತಿಯಿಂದ. ಕೇಬಲ್ ಇಲ್ಲದೆ ನುಡಿಸಿದರೆ ಆರೂ ತಂತಿಗಳು ಸಮನಾಗಿ ಕೇಳುತ್ತಿದ್ದವು. ಆಂಪ್‌ಗೆ ಜೋಡಿಸಿದರೆ ಮೊದಲ ತಂತಿ ಇದೆಯೋ ಇಲ್ಲವೋ ಅನ್ನುವಂತಾಗುತ್ತಿತ್ತು. ಎರಡನೆಯದು ಮಂಕು. ದಪ್ಪ ತಂತಿಗಳದ್ದೇ ಕಾರುಬಾರು. ನಾನು ನುಡಿಸುವುದು ಬೆರಳುಗಳಲ್ಲಿ. ಹಾಡಿನ ಧಾಟಿಯೆಲ್ಲಾ ಬರುವುದು ಆ ತೆಳು ತಂತಿಗಳ ಮೇಲೆ. ಅದೇ ಕೇಳದಿದ್ದರೆ ಎದುರು ಕೂತವರಿಗೆ ಸಿಗುವುದು ಬರೀ ದುಂ ದುಂ ಅಷ್ಟೇ, ಅಲ್ವಾ?

ಒಳಗಿದ್ದದ್ದು ಸ್ಯಾಡಲ್ ಕೆಳಗೆ ಕೂರುವ ಪೀಜೋ ಪಿಕಪ್. ಗಿಟಾರ್ ಮೈ ಮೇಲೆ ತಂತಿಗಳನ್ನು ಸಿಕ್ಕಿಸುವ ಮರದ ತುಂಡೇ ಬ್ರಿಡ್ಜ್. ಅದರ ಮೇಲೆ ತಂತಿಗಳು ಒರಗಿಕೊಳ್ಳುವ ಬಿಳಿ ಪಟ್ಟಿ ಇರುತ್ತದಲ್ಲ, ಅದೇ ಸ್ಯಾಡಲ್. ಅದು ಕೂರುವ ಸ್ಲಾಟ್‌ನ ತಳದಲ್ಲಿ ಈ ತೆಳು ಪಿಕಪ್ ಪಟ್ಟಿ ಮಲಗಿರುತ್ತದೆ. ಕೆಲವು ಹರಳುಗಳನ್ನು ಅದುಮಿದರೆ ವಿದ್ಯುತ್ ಹುಟ್ಟುತ್ತದೆ ಎಂದು ಪಿಯರ್ ಮತ್ತು ಜಾಕ್ ಕ್ಯೂರಿ ಎಂಬ ಅಣ್ಣತಮ್ಮಂದಿರು 1880ರಲ್ಲಿ ತೋರಿಸಿಕೊಟ್ಟರು. ಇಲ್ಲಿ ನಡೆಯುವುದೂ ಅದೇ. ತಂತಿ ನಡುಗಿದಂತೆ ಸ್ಯಾಡಲ್ ಕೆಳಗಿನ ಒತ್ತಡ ಏರಿಳಿಯುತ್ತದೆ, ಪಿಕಪ್ ಅದನ್ನೇ ಸಿಗ್ನಲ್ ಆಗಿ ಕಳಿಸುತ್ತದೆ.

ಒತ್ತಡವೇ ಆಧಾರವಾದ್ದರಿಂದ, ಇಂಥ ಪಿಕಪ್‌ನಲ್ಲಿ ಒಂದು ತಂತಿ ಮಂಕಾದರೆ ಪಿಕಪ್ ಹೋಯಿತು ಎಂದು ತಕ್ಷಣ ತೀರ್ಮಾನಿಸಬಾರದು. ಎಷ್ಟೋ ಸಲ ತಪ್ಪು ಸ್ಯಾಡಲ್‌ನದ್ದಾಗಿರುತ್ತದೆ. ಅದರ ತಳ ಒಂದು ಕೂದಲೆಳೆಯಷ್ಟು ಏರುಪೇರಾದರೂ ಸಾಕು, ಒಂದು ಕಡೆ ಒತ್ತಡ ಕಮ್ಮಿಯಾಗಿ ಅಲ್ಲಿನ ತಂತಿ ಕೇಳುವುದಿಲ್ಲ. ಹಾಗಾಗಿ ಮೊದಲು ತಂತಿಗಳನ್ನು ಬಿಚ್ಚಿ ಸ್ಯಾಡಲ್ ಹೊರಗೆ ತೆಗೆದೆ. ಅದರ ತಳಕ್ಕೆ ಪೆನ್ಸಿಲ್‌ನಿಂದ ಉದ್ದಕ್ಕೂ ಗೀಚಿದೆ. ಗಾಜಿನ ಹಲಗೆ ಮೇಲೆ ಸ್ಯಾಂಡ್‌ಪೇಪರ್ ಅಂಟಿಸಿ, ಸ್ಯಾಡಲ್ ಅನ್ನು ನೆಟ್ಟಗೆ ಹಿಡಿದು ನಿಧಾನವಾಗಿ ಉಜ್ಜಿದೆ. ಪೆನ್ಸಿಲ್ ಗುರುತು ಎಲ್ಲಿ ಉಳಿಯುತ್ತದೋ ಅಲ್ಲಿ ತಗ್ಗು ಇದೆ ಎಂದು ಅರ್ಥ. ನನ್ನದರಲ್ಲಿ ಗುರುತು ಒಂದೇ ಸಮನಾಗಿ ಅಳಿಸಿಹೋಯಿತು. ಸ್ಯಾಡಲ್ ಸರಿಯಿತ್ತು. ಸ್ಲಾಟ್ ತಳವೂ ಸರಿಯಿತ್ತು. ಆಮೇಲೆ ಪಿಕಪ್ ಪಟ್ಟಿಯನ್ನೇ ಮೇಲೆತ್ತಿ ನೋಡಿದರೆ, ಮೊದಲ ತಂತಿಯ ಕಡೆಯ ತುದಿ ಚಪ್ಪಟೆಯಾಗಿ ಹೊದಿಕೆ ಬಿರಿದಿತ್ತು. ಆಂಪ್ ಸಣ್ಣಗೆ ಇಟ್ಟು ಉಗುರಿನಿಂದ ಪಟ್ಟಿಯ ಉದ್ದಕ್ಕೂ ತಟ್ಟಿದೆ. ಆ ತುದಿಯಲ್ಲಿ ಸದ್ದೇ ಇಲ್ಲ. ಅಲ್ಲಿಗೆ ಅನುಮಾನ ಮುಗಿಯಿತು.

ಹೊಸದನ್ನು ಹಾಕಲೇಬೇಕು. ಆದರೆ ಯಾವುದು?

ಈ ಪ್ರಶ್ನೆಯ ಬಗ್ಗೆ ನಾನು ತುಂಬ ಯೋಚಿಸಿದ್ದೇನೆ, ಯಾಕೆಂದರೆ ಪಿಕಪ್ ಅಂದರೆ ನಾವು ಗಿಟಾರ್‌ಗೆ ಕಿವಿ ಎಲ್ಲಿ ಇಡುತ್ತೇವೆ ಅನ್ನುವುದು. ಸ್ಯಾಡಲ್ ಕೆಳಗೆ ಇಟ್ಟರೆ ತಂತಿಯ ಹೊಡೆತ ಮೊದಲು ಕೇಳುತ್ತದೆ. ದನಿ ಚುರುಕಾಗಿ, ಸ್ಪಷ್ಟವಾಗಿ ಬರುತ್ತದೆ. ಜೋರಾಗಿ ಬಾರಿಸಿದರೆ ಮಾತ್ರ ಒಂಥರಾ ಒಡಕು, ಪ್ಲಾಸ್ಟಿಕ್ ಸದ್ದು ಸೇರಿಕೊಳ್ಳುತ್ತದೆ. ಗಿಟಾರ್ ನುಡಿಸುವವರು ಅದನ್ನು ಕ್ವ್ಯಾಕ್ ಅನ್ನುತ್ತಾರೆ, ಬಾತುಕೋಳಿ ಕೂಗು. ವರ್ಷಗಟ್ಟಲೆ ಅದನ್ನು ಸಹಿಸಿಕೊಂಡಿದ್ದೆ. ನನ್ನ ಗಿಟಾರ್‌ನ ಮೈ ಬೆಚ್ಚಗಿನ ದನಿಯದು, ಅದು ಎಂದೂ ಸ್ಪೀಕರ್‌ವರೆಗೆ ತಲುಪಿರಲಿಲ್ಲ.

ಗಿಟಾರ್ ಮೈಯ ದುಂಡು ತೂತಿಗೆ, ಅಂದರೆ ಸೌಂಡ್‌ಹೋಲ್‌ಗೆ, ಅಡ್ಡ ಕೂರಿಸುವ ಮ್ಯಾಗ್ನೆಟಿಕ್ ಪಿಕಪ್ ಇನ್ನೊಂದು ದಾರಿ. ಫಿಶ್‌ಮನ್ ಕಂಪನಿಯ ರೇರ್ ಅರ್ಥ್, ಎಲ್.ಆರ್. ಬ್ಯಾಗ್ಸ್ ಕಂಪನಿಯ ಎಂ1 ಈ ಬಗೆಯವು. ಅಯಸ್ಕಾಂತಕ್ಕೆ ತಿಳಿಯುವುದು ಉಕ್ಕು ಮಾತ್ರ. ದಪ್ಪ ತಂತಿಗಳ ಮೇಲೆ ಸುತ್ತಿರುವ ಕಂಚಿನ ಎಳೆ ಅದರ ಲೆಕ್ಕಕ್ಕೇ ಬರುವುದಿಲ್ಲ, ಒಳಗಿನ ಉಕ್ಕಿನ ಎಳೆಯಷ್ಟೇ ಲೆಕ್ಕ. ಸುತ್ತು ಇಲ್ಲದ ಎರಡನೇ ತಂತಿ ಪೂರ್ತಿ ಉಕ್ಕು, ಹಾಗಾಗಿ ಅದು ಎಲ್ಲಕ್ಕಿಂತ ಜೋರಾಗಿ ಎದ್ದು ಬರುತ್ತದೆ. ಇದನ್ನು ಸರಿದೂಗಿಸಲೆಂದೇ ಅಕೌಸ್ಟಿಕ್‌ಗೆ ಮಾಡಿದ ಪಿಕಪ್‌ಗಳಲ್ಲಿ ಒಂದೊಂದು ತಂತಿಗೂ ಅಯಸ್ಕಾಂತದ ಬಲ ಹೆಚ್ಚುಕಮ್ಮಿ ಮಾಡಿರುತ್ತಾರೆ. ನೈಲಾನ್ ತಂತಿಯ ಗಿಟಾರ್‌ಗೆ ಇದು ಪ್ರಯೋಜನವೇ ಇಲ್ಲ. ಒಳ್ಳೆಯ ವಿಷಯ ಅಂದರೆ, ಎಷ್ಟು ಜೋರಾಗಿ ಇಟ್ಟರೂ ಬೇಗ ಕೂಗಿಕೊಳ್ಳುವುದಿಲ್ಲ. ಎಂ1ರಲ್ಲಿ ಮೈಯ ಅದುರನ್ನೂ ಹಿಡಿಯಲು ಎರಡನೇ ಸುರುಳಿಯೊಂದನ್ನು ತೂಗಿಬಿಟ್ಟಿರುತ್ತಾರೆ, ಜಾಣತನದ ಕೆಲಸ. ಆದರೂ ಗೆಳೆಯನ ಗಿಟಾರ್‌ನಲ್ಲಿದ್ದ ಮ್ಯಾಗ್ನೆಟಿಕ್ ಪಿಕಪ್ ಕೇಳಿದಾಗ ನನಗೆ ಎಲೆಕ್ಟ್ರಿಕ್ ಗಿಟಾರ್ ನೆನಪಾಗುತ್ತಿತ್ತು. ಅದು ನನಗೆ ಬೇಡವಾಗಿತ್ತು.

ಒಳಗೆ ಮೈಕ್ ಇಡುವವರೂ ಇದ್ದಾರೆ. ದನಿ ಸಹಜ, ಆದರೆ ಸ್ಪೀಕರ್ ಹತ್ತಿರ ನಿಂತರೆ ಫೀಡ್‌ಬ್ಯಾಕ್ ಕಾಟ, ಅಂದರೆ ಸ್ಪೀಕರ್‌ನ ಸದ್ದೇ ಮರಳಿ ಒಳಹೊಕ್ಕು ಕೂಗಿಕೊಳ್ಳುತ್ತದೆ. ಅದಕ್ಕೇ ಹೆಚ್ಚಿನವರು ಅದನ್ನು ಇನ್ನೊಂದು ಪಿಕಪ್ ಜೊತೆ ಬೆರೆಸಿ ಬಳಸುತ್ತಾರೆ.

ಕೊನೆಗೆ ನಾನು ಆರಿಸಿದ್ದು ಕೆ ಆ್ಯಂಡ್ ಕೆ ಪ್ಯೂರ್ ಮಿನಿ. ನಾಣ್ಯದ ಆಕಾರದ ಮೂರು ಸಣ್ಣ ಪೀಜೋ ಬಿಲ್ಲೆಗಳು, ಕೇಬಲ್ ಸಿಕ್ಕಿಸುವ ಒಂದು ಜ್ಯಾಕ್, ಅಷ್ಟೇ. ಬ್ಯಾಟರಿ ಇಲ್ಲ, ತಿರುಪುವ ಗುಂಡಿಗಳಿಲ್ಲ. ಗಿಟಾರ್ ಒಳಗೆ, ಬ್ರಿಡ್ಜ್‌ಗೆ ಸರಿಯಾಗಿ ಕೆಳಗಿರುವ ಗಟ್ಟಿ ಮರದ ಹಲಗೆಗೆ ಬಿಲ್ಲೆಗಳನ್ನು ಅಂಟಿಸಬೇಕು. ಅದಕ್ಕೆ ಬ್ರಿಡ್ಜ್ ಪ್ಲೇಟ್ ಎಂದು ಹೆಸರು. ಇವು ಕೇಳುವುದು ತಂತಿ ಮರಕ್ಕೆ ದಾಟಿಸಿದ ಅದುರನ್ನು. ಹೆಬ್ಬೆರಳಿನಿಂದ ಮೈ ಮೇಲೆ ತಟ್ಟುವುದು ನನಗೆ ಅಭ್ಯಾಸ. ಆ ತಟ್ಟು ಕೂಡ ಕೇಳಬೇಕು ಎಂದಿದ್ದವನಿಗೆ ಇದೇ ಸರಿ ಅನ್ನಿಸಿತು.

ಅಂಟಿಸುವ ಮೊದಲೇ ಒಂದು ಲೆಕ್ಕ ಇತ್ಯರ್ಥ ಆಗಬೇಕಿತ್ತು. ಹಳೆ ಪಟ್ಟಿಯ ದಪ್ಪ ಸುಮಾರು 1.5 ಮಿಲಿಮೀಟರ್. ಅದನ್ನು ತೆಗೆದರೆ ಸ್ಯಾಡಲ್ ಅಷ್ಟೇ ಕೆಳಗಿಳಿಯುತ್ತದೆ. ಗಿಟಾರ್ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗಳೇ ಫ್ರೆಟ್. ಹನ್ನೆರಡನೇ ಫ್ರೆಟ್ ತಂತಿಯ ನಟ್ಟನಡುವೆ ಇರುವುದರಿಂದ ಅಲ್ಲಿ ತಂತಿಯ ಎತ್ತರ ಅದರ ಅರ್ಧ, ಅಂದರೆ ಮುಕ್ಕಾಲು ಮಿಲಿಮೀಟರ್ ತಗ್ಗುತ್ತದೆ. ಕೇಳಲು ಇಷ್ಟೇ ಇಷ್ಟು. ಗಿಟಾರ್‌ನಲ್ಲಿ ಅದು ಬೆಟ್ಟದಷ್ಟು, ತಂತಿಗಳು ಫ್ರೆಟ್‌ಗೆ ತಾಗಿ ಝುಂಯ್ ಅನ್ನತೊಡಗುತ್ತವೆ. ಸ್ಯಾಡಲ್ ಕೆಳಗೆ ತೆಳು ಚೂರು ಸೇರಿಸಿ ಎತ್ತರಿಸುವವರಿದ್ದಾರೆ. ಬಿಲ್ಲೆಗಳು ಮರದ ಅದುರನ್ನೇ ಕೇಳುವುದರಿಂದ ನಡುವೆ ಸಡಿಲ ಪದರ ಇಡಲು ನನಗೆ ಮನಸ್ಸಾಗಲಿಲ್ಲ. ಮೂಳೆಯ ತುಂಡೊಂದನ್ನು ತಂದು, ಹಳೆ ಸ್ಯಾಡಲ್‌ನ ಬಾಗು ನೋಡಿಕೊಂಡು, ಅಷ್ಟು ಎತ್ತರ ಹೆಚ್ಚಿಟ್ಟು ಹೊಸದನ್ನೇ ಉಜ್ಜಿ ಮಾಡಿದೆ. ಸ್ಲಾಟ್‌ನಲ್ಲಿ ಅದು ಕೈಯಿಂದ ಒತ್ತಿದರೆ ಇಳಿಯಬೇಕು, ಗಿಟಾರ್ ತಲೆಕೆಳಗು ಮಾಡಿದರೆ ಬೀಳಬಾರದು. ಆ ಹದ ಬರುವವರೆಗೆ ಬಿಡಲಿಲ್ಲ.

ಬಿಲ್ಲೆ ಕೂರಿಸುವುದು ಕಣ್ಣಿಗೆ ಕಾಣದ ಕೆಲಸ. ಸೌಂಡ್‌ಹೋಲ್ ಒಳಗೆ ಮೊಣಕೈವರೆಗೆ ಕೈ ಹಾಕಿದರೆ ಬೆರಳಿಗೆ ಸಿಗುವುದು ಅಡ್ಡಾದಿಡ್ಡಿ ಮರದ ಬ್ರೇಸ್‌ಗಳು, ಬ್ರಿಡ್ಜ್ ಪಿನ್‌ಗಳ ತೂತು, ಒಂದಿಷ್ಟು ಧೂಳು. ಒಳಗೆ ಸಣ್ಣ ಕನ್ನಡಿ ಇಟ್ಟು, ಮೊಬೈಲ್ ಟಾರ್ಚ್ ಹಾಕಿ ಜಾಗ ನೋಡಿಕೊಂಡೆ. ಬ್ರಿಡ್ಜ್ ಪ್ಲೇಟ್ ಒರೆಸಿ ಒಣಗಲು ಬಿಟ್ಟೆ. ಬಿಲ್ಲೆಗಳು ಸ್ಯಾಡಲ್ ಗೆರೆಗೆ ನೇರ ಕೆಳಗೆ ಬರಬೇಕು, ಎರಡು ಅಂಚಿನ ತಂತಿಗಳ ಕಡೆಗೆ ಒಂದೊಂದು, ನಡುವೆ ಒಂದು. ಪಿನ್ ತೂತಿನ ಹತ್ತಿರ ಹೋದರೆ ತಂತಿಯ ತುದಿಯ ಹಿತ್ತಾಳೆ ಗುಂಡು ಬಿಲ್ಲೆಗೆ ತಾಗಿ ಕಟಕಟ ಅನ್ನುತ್ತದೆ.

ನೇರವಾಗಿ ಸೂಪರ್ ಗ್ಲೂ ಹಚ್ಚಲಿಲ್ಲ. ಮೊದಲು ಎರಡು ಬದಿ ಅಂಟುವ ಟೇಪ್‌ನಿಂದ ಕೂರಿಸಿ, ತಂತಿ ಕಟ್ಟಿ, ಆಂಪ್‌ನಲ್ಲಿ ಕೇಳಿದೆ. ತೆಳು ತಂತಿಯ ಕಡೆಯ ಬಿಲ್ಲೆಯನ್ನು ಸ್ವಲ್ಪವೇ ಸ್ವಲ್ಪ ಹೊರಕ್ಕೆ ಸರಿಸಿದಾಗ ಮೊದಲ ತಂತಿ ತುಂಬಿಕೊಂಡು ಬಂತು. ಅಷ್ಟು ಸಣ್ಣ ಬದಲಾವಣೆಗೆ ದನಿ ಅಷ್ಟು ಬದಲಾಗುತ್ತದೆ ಎಂದು ಕಿವಿಯಾರೆ ಕೇಳದೆ ನಂಬುವುದು ಕಷ್ಟ. ಜಾಗ ಖಾತ್ರಿಯಾದ ಮೇಲೆ ಗಟ್ಟಿ ಜೆಲ್ ಥರದ ಸೂಪರ್ ಗ್ಲೂ ತೆಗೆದುಕೊಂಡೆ. ನೀರಾಗಿರುವುದು ಕೈ ಮೇಲೆತ್ತುವಷ್ಟರಲ್ಲಿ ಸುರಿದುಹೋಗುತ್ತದೆ. ಬೆರಳ ತುದಿಗೆ ಪ್ಲಾಸ್ಟಿಕ್ ಸುತ್ತಿಕೊಂಡು ಒಂದೊಂದನ್ನೇ ಒತ್ತಿ ಹಿಡಿದೆ. ಬಿಲ್ಲೆಯ ಪೂರ್ತಿ ಮೈ ಮರಕ್ಕೆ ಗಟ್ಟಿಯಾಗಿ ಕಚ್ಚಿಕೊಳ್ಳಬೇಕು, ಅಂಚಿನಲ್ಲಿ ಗಾಳಿ ಇದ್ದರೆ ದನಿ ಪೊಳ್ಳಾಗುತ್ತದೆ.

ಜ್ಯಾಕ್ ಕೆಲಸ ಸುಲಭವಾಯಿತು, ಹಳೆಯದರ ತೂತು ಇತ್ತಲ್ಲ. ಇಲ್ಲದಿದ್ದರೆ ಗಿಟಾರ್‌ನ ಬಾಲದ ಕಡೆ ಸುಮಾರು 12 ಮಿಲಿಮೀಟರ್ ಅಗಲದ ತೂತು ಕೊರೆಯಬೇಕಾಗುತ್ತದೆ. ಅಭ್ಯಾಸ ಇಲ್ಲದವರು ಅದನ್ನು ಗಿಟಾರ್ ರಿಪೇರಿ ಮಾಡುವವರಿಗೇ ಬಿಡುವುದು ಒಳ್ಳೆಯದು. ಹೊರಗಿನಿಂದ ತೆಳು ಕೋಲೊಂದನ್ನು ತೂರಿಸಿ, ಒಳಗೆ ಅದರ ತುದಿಗೆ ಜ್ಯಾಕ್ ಸಿಕ್ಕಿಸಿ, ಮೆಲ್ಲಗೆ ಹೊರಗೆಳೆದುಕೊಂಡೆ. ನಟ್ ಬಿಗಿಮಾಡುವಾಗ ಜ್ಯಾಕ್ ಒಳಗೇ ತಿರುಗಿದರೆ ವೈರ್ ತುಂಡಾಗುತ್ತದೆ. ಅದಕ್ಕೆ ಜ್ಯಾಕ್‌ನ ಅಡ್ಡ ತೂತಿಗೆ ಸಣ್ಣ ಕಡ್ಡಿ ಕೊಟ್ಟು ಹಿಡಿದುಕೊಳ್ಳಬೇಕು.

ಪಿಕಪ್‌ನ ಸಣ್ಣ ಸಿಗ್ನಲ್ ಅನ್ನು ಮೊದಲು ಹಿಗ್ಗಿಸಿಕೊಡುವ ಪ್ರೀಆಂಪ್ ಬಗ್ಗೆ ಒಂದು ಮಾತು ಹೇಳಲೇಬೇಕು. ಬ್ಯಾಟರಿ ಇಲ್ಲದ ಪಿಕಪ್ ಹಾಕಿಸಿ, ನೇರ ಮಿಕ್ಸರ್‌ಗೆ ಜೋಡಿಸಿ, ದನಿ ತೆಳುವಾಯಿತು ಎಂದು ಬೇಜಾರು ಮಾಡಿಕೊಳ್ಳುವವರು ಜಾಸ್ತಿ. ಪೀಜೋ ಒಂದು ಕೆಪಾಸಿಟರ್, ಅಂದರೆ ವಿದ್ಯುತ್ ಹಿಡಿದಿಟ್ಟುಕೊಳ್ಳುವ ಬಿಡಿಭಾಗ ಇದ್ದ ಹಾಗೆ. ಎದುರಿನ ಇನ್‌ಪುಟ್‌ನ ಇಂಪೀಡೆನ್ಸ್, ಅಂದರೆ ವಿದ್ಯುತ್ ಹರಿವಿಗೆ ಒಡ್ಡುವ ತಡೆ, ಕಮ್ಮಿಯಾದಷ್ಟೂ ಕೆಳಗಿನ ಸ್ವರಗಳು ಸೋರಿಹೋಗುತ್ತವೆ. ಗಿಟಾರ್‌ನ ಅತಿ ದಪ್ಪ ತಂತಿಯ ಸ್ವರ 82 ಹರ್ಟ್ಜ್. ಸ್ಯಾಡಲ್ ಕೆಳಗಿನ ಪಟ್ಟಿಯ ಕೆಪಾಸಿಟೆನ್ಸ್ 1 ನ್ಯಾನೊಫ್ಯಾರಡ್ ಇದ್ದು, ಇನ್‌ಪುಟ್ 1 ಮೆಗಾಓಮ್ ಇದ್ದರೆ, ಸುಮಾರು 160 ಹರ್ಟ್ಜ್‌ನಿಂದ ಕೆಳಗೆ ದನಿ ಬಾಡತೊಡಗುತ್ತದೆ. ಅಂಥದ್ದಕ್ಕೆ 10 ಮೆಗಾಓಮ್ ಪ್ರೀಆಂಪ್ ಹುಡುಕುವುದು ಅದಕ್ಕೇ. ಮೂರು ಬಿಲ್ಲೆ ಸೇರಿದರೆ ಕೆಪಾಸಿಟೆನ್ಸ್ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಹಾಗಾಗಿ 1 ಮೆಗಾಓಮ್ ಸಾಕು. ನನ್ನ ಹತ್ತಿರ ಇದ್ದ ಪುಟ್ಟ ಪ್ರೀಆಂಪ್ ಡಬ್ಬಿಗೆ ಅಷ್ಟಿತ್ತು.

ತಂತಿ ಕಟ್ಟಿ, ಸ್ಪೀಕರ್ ಎದುರು ಗೆಳೆಯನನ್ನು ಕೂರಿಸಿ ನುಡಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ನೆ ಕೇಳಿದ. "ಇದು ನಿನ್ನ ಗಿಟಾರ್ ಥರಾನೇ ಕೇಳ್ತಿದೆ ಕಣೋ" ಅಂದ. ನನಗೆ ಬೇಕಿದ್ದದ್ದು ಆ ಮಾತೇ. ಮೊದಲ ತಂತಿ ತನ್ನ ಜಾಗಕ್ಕೆ ಬಂದಿತ್ತು. ಹೆಬ್ಬೆರಳು ತಟ್ಟಿದರೆ ಮರ ಮಾರುತ್ತರ ಕೊಡುತ್ತಿತ್ತು. ಖುಷಿಗೆ ಆ ಸಂಜೆ ಗಿಟಾರ್ ಕೆಳಗಿಡಲು ಮನಸ್ಸೇ ಬರಲಿಲ್ಲ.

ಮರ ಕೇಳುವ ಪಿಕಪ್‌ಗೆ ಮರದ ಗುಣದೋಷ ಎರಡೂ ಬರುತ್ತವೆ. ಒಂದು ಸಣ್ಣ ಸಭಾಂಗಣದಲ್ಲಿ ದನಿ ಏರಿಸಿದಾಗ 100 ಹರ್ಟ್ಜ್ ಆಸುಪಾಸಿನಲ್ಲಿ ಗುಂಯ್ ಎಂದು ಗಿಟಾರ್ ತಾನೇ ಹಾಡತೊಡಗಿತು. ದೊಡ್ಡ ಮೈಯ ಗಿಟಾರ್‌ಗಳ ಒಳಗಿನ ಗಾಳಿ ಅನುರಣಿಸುವುದು ಹೆಚ್ಚಾಗಿ ಆ ಸುಮಾರಿನಲ್ಲೇ. ಸೌಂಡ್‌ಹೋಲ್‌ಗೆ ರಬ್ಬರ್ ಮುಚ್ಚಳ ಹಾಕಿ, ಪ್ರೀಆಂಪ್‌ನ ನಾಚ್ ಫಿಲ್ಟರ್‌ನಿಂದ ಆ ಒಂದು ಸ್ವರವನ್ನಷ್ಟೇ ತಗ್ಗಿಸಿದೆ, ಸುಮ್ಮನಾಯಿತು. 200 ಹರ್ಟ್ಜ್ ಹತ್ತಿರವೂ ಸ್ವಲ್ಪ ಇಳಿಸಿಟ್ಟರೆ ಇನ್ನೂ ತಿಳಿಯಾಗುತ್ತದೆ.

ಇದನ್ನೆಲ್ಲಾ ನೋಡಿದ ಗೆಳೆಯ ತನ್ನ ಗಿಟಾರ್‌ಗೂ ಇದೇ ಹಾಕಿಕೊಡು ಅಂದ. ನಾನು ಒಪ್ಪಲಿಲ್ಲ. ಅವನು ಡ್ರಮ್ಸ್ ಇರುವ ತಂಡದಲ್ಲಿ ಆಂಪ್ ಪಕ್ಕವೇ ನಿಂತು ಜೋರಾಗಿ ಬಾರಿಸುವವನು. ಬಿಲ್ಲೆ ಹಾಕಿದರೆ ಫೀಡ್‌ಬ್ಯಾಕ್ ಜೊತೆ ಗುದ್ದಾಡುವುದೇ ಅವನ ಕೆಲಸವಾಗುತ್ತದೆ. ಅವನಿಗೆ ಮ್ಯಾಗ್ನೆಟಿಕ್ ಪಿಕಪ್ಪೇ ಸರಿ ಎಂದು ಅದನ್ನೇ ಉಳಿಸಿ, ಎರಡನೇ ತಂತಿಯ ಕೆಳಗಿನ ಸ್ಕ್ರೂ ಸ್ವಲ್ಪ ತಗ್ಗಿಸಿಕೊಟ್ಟೆ.