ಟೋನ್ಲೆ ಸಾಪ್ ದಾಟಿ ಸಂಗ್ಕರ್ ನದಿಯಲ್ಲಿ ಒಂದು ಹಗಲು

ನಮ್ಮ ಕೋಲಾರ ಜಿಲ್ಲೆಯ ವಿಸ್ತೀರ್ಣ ಸುಮಾರು 4,000 ಚದರ ಕಿಲೋಮೀಟರ್. ಕಾಂಬೋಡಿಯಾದ ಟೋನ್ಲೆ ಸಾಪ್ ಸರೋವರ ಬೇಸಿಗೆಯಲ್ಲಿ ಅದಕ್ಕಿಂತ ಚಿಕ್ಕದು, ಸುಮಾರು 2,500 ಚದರ ಕಿಲೋಮೀಟರ್. ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ಸರೋವರ 15,000 ಚದರ ಕಿಲೋಮೀಟರಿನಷ್ಟು ಹರಡಿಕೊಳ್ಳುತ್ತದೆ. ಮೆಕಾಂಗ್ ನದಿ ಉಕ್ಕಿ ಬಂದಾಗ, ಸರೋವರದಿಂದ ಹೊರಗೆ ಹರಿಯುವ ನದಿಯೇ ಹಿಂದಕ್ಕೆ ತಿರುಗಿ ನೀರನ್ನು ಒಳಗೆ ತುಂಬುತ್ತದೆ. ಪಾಲಾರ್ ನದಿಯಲ್ಲಿ ನೀರಿಗಿಂತ ಮರಳನ್ನೇ ಹೆಚ್ಚಾಗಿ ನೋಡಿ ಬೆಳೆದ, ಬೇತಮಂಗಲದ ಕೆರೆ ಕೋಡಿ ಬಿದ್ದರೆ ಊರಿಗೆ ಊರೇ ನೋಡಲು ಹೊರಡುವ ಸೀಮೆಯವನಾದ ನನಗೆ, ಇದನ್ನು ಕಣ್ಣಾರೆ ಕಾಣುವವರೆಗೆ ನಂಬಿಕೆ ಬಂದಿರಲಿಲ್ಲ.

ಸಿಂಗಪುರದಲ್ಲಿ ಕೆಲಸದಲ್ಲಿರುವ ನಾನೂ ಮಾಲೂರಿನ ಗೆಳೆಯನೂ ಡಿಸೆಂಬರ್ ರಜೆಯಲ್ಲಿ ಸೇವಾ ಸಂಸ್ಥೆಯೊಂದರ ಜೊತೆ ಅಲ್ಲಿಗೆ ಹೋಗಿದ್ದೆವು. ಸಿಯೆಮ್ ರೀಪ್ ಬಳಿಯ ದಕ್ಕೆಯಿಂದ ಬೆಳಗ್ಗೆಯೇ ಹೊರಟು, ಸರೋವರದ ಮೂಲೆಯೊಂದನ್ನು ದಾಟಿ, ಸಂಗ್ಕರ್ ನದಿಯಲ್ಲಿ ಮೇಲಕ್ಕೆ ಸಾಗಿ ಸಂಜೆಗೆ ಬಟ್ಟಂಬಾಂಗ್ ಸೇರುವುದು, ದಾರಿಯ ತೇಲುವ ಹಳ್ಳಿಗಳಲ್ಲಿ ಕುಡಿಯುವ ನೀರಿನ ಫಿಲ್ಟರುಗಳನ್ನು ಇಳಿಸುವುದು ನಮ್ಮ ಕೆಲಸ. ಹಿಂದಿನ ರಾತ್ರಿ ಫೋನಿನಲ್ಲಿ ದೊಡ್ಡಪ್ಪ, “ನೀರಿನ ಮೇಲೇ ಮನೆ ಕಟ್ಕೊಂಡಿರೋರಿಗೆ ನೀವು ಹೋಗಿ ಕೊಡೋದೇನಪ್ಪ?” ಎಂದು ಕೇಳಿದ್ದರು.

ಪ್ರೆಕ್ ತೋಲ್ ಎಂಬ ತೇಲುವ ಹಳ್ಳಿಯನ್ನು ದಾಟುತ್ತಿದ್ದಂತೆ ಅದಕ್ಕೆ ಉತ್ತರ ಸಿಕ್ಕಿತು. ಬಿದಿರಿನ ಕಂತೆ ಮತ್ತು ಖಾಲಿ ಡ್ರಮ್ಮುಗಳ ಮೇಲೆ ಮನೆ, ಅಂಗಡಿ, ಶಾಲೆ, ಹಂದಿಯ ಗೂಡು ಎಲ್ಲವೂ ತೇಲುತ್ತಿರುತ್ತವೆ. ನೀರು ಏರಿಳಿದಂತೆ ಮನೆಗಳನ್ನೇ ದೋಣಿಗೆ ಕಟ್ಟಿ ಬೇರೆಡೆಗೆ ಎಳೆದೊಯ್ಯುತ್ತಾರೆ. ಪಾತ್ರೆ ತೊಳೆಯುವುದು, ಸ್ನಾನ, ಶೌಚ ಎಲ್ಲಕ್ಕೂ ಸುತ್ತಲಿನ ನೀರೇ ಆಗಬೇಕು. ನಾವು ನಿಲ್ಲಿಸಿದ ಮೊದಲ ಮನೆಯ ಅಜ್ಜಿ ಅನ್ನಕ್ಕೆಂದು ಚೊಂಬಿನಲ್ಲಿ ಮೊಗೆದದ್ದೂ ಅದೇ ಕಂದು ನೀರನ್ನು. ಮಕ್ಕಳಿಗೆ ಭೇದಿ ಬಿಡದ ಕಾಯಿಲೆ.

ಫಿಲ್ಟರಿನ ರಚನೆ ನನ್ನನ್ನು ಬಹಳವಾಗಿ ಸೆಳೆಯಿತು. ಜೇಡಿಮಣ್ಣಿಗೆ ನುಣ್ಣಗೆ ಪುಡಿ ಮಾಡಿದ ಭತ್ತದ ಹೊಟ್ಟನ್ನು ಕಲಸಿ, ಹೂಕುಂಡದ ಆಕಾರಕ್ಕೆ ಒತ್ತಿ, ಆವಿಗೆಯಲ್ಲಿ ಸುಡುತ್ತಾರೆ. ಹೊಟ್ಟು ಉರಿದುಹೋದ ಜಾಗದಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ. ಮೇಲೆ ಬೆಳ್ಳಿಯ ಸೂಕ್ಷ್ಮ ಕಣಗಳ ದ್ರಾವಣವನ್ನು ಬಳಿಯುತ್ತಾರೆ. ಈ ಕುಂಡವನ್ನು ನಲ್ಲಿಯಿರುವ ಪ್ಲಾಸ್ಟಿಕ್ ಬಕೆಟ್ಟಿನೊಳಗೆ ಕೂರಿಸಿ ನೀರು ಸುರಿದರೆ, ಗಂಟೆಗೆ ಒಂದೆರಡು ಲೀಟರಿನಂತೆ ತೊಟ್ಟಿಕ್ಕುತ್ತದೆ. ರೋಗಾಣುಗಳಲ್ಲಿ ಬಹುಪಾಲು ಮೇಲೆಯೇ ಉಳಿಯುತ್ತವೆ. ಕರೆಂಟು ಬೇಡ. ಕುಂಬಾರಿಕೆ ಬಲ್ಲ ಯಾವ ಊರಿನ ಕೈಗೂ ನಿಲುಕುವ ವಿದ್ಯೆ ಇದು ಎಂದು ಅನ್ನಿಸಿ ಮನಸ್ಸು ತುಂಬಿ ಬಂತು.

ನದಿ ಕಿರಿದಾದ ಮೇಲೆ ದೋಣಿಯ ವೇಗ ಕುಗ್ಗಿತು. ಒಂದು ತಿರುವಿನಲ್ಲಿ ಅಂತರಗಂಗೆಯ ಕಳೆ ಎಂಜಿನ್ನಿನ ರೆಕ್ಕೆಗೆ ಸುತ್ತಿಕೊಂಡು ದೋಣಿ ನಿಂತೇಬಿಟ್ಟಿತು. ನಮ್ಮ ಕೆರೆಗಳನ್ನು ಮುಚ್ಚಿಹಾಕುವ ಅದೇ ಗಿಡ, ಅದೇ ನೇರಳೆ ಹೂವು. ದೋಣಿ ನಡೆಸುತ್ತಿದ್ದವರು ಬಾಯಲ್ಲಿ ಚಾಕು ಕಚ್ಚಿಕೊಂಡು ನೀರಿಗಿಳಿದು, ಬೇರುಗಳನ್ನು ಹಿಡಿಹಿಡಿಯಾಗಿ ಕತ್ತರಿಸಿ ಎಸೆದರು. ಅಷ್ಟರಲ್ಲಿ ಪಕ್ಕದ ಮೀನುಗಾರರ ದೋಣಿಯೊಂದು ತಾನಾಗಿಯೇ ಬಂದು ನಮಗೆ ಹಗ್ಗ ಕೊಟ್ಟಿತು.

ಕತ್ತಲಾಗುವ ಹೊತ್ತಿಗೆ ಬಟ್ಟಂಬಾಂಗ್ ದಡ ಸಿಕ್ಕಿತು. ಈ ಫಿಲ್ಟರನ್ನು ನಮ್ಮೂರಿನ ಶಾಲೆಗಳಿಗೂ ಮಾಡಿಸಬಹುದೇ ಎಂದು ಗೆಳೆಯ ಸಂಸ್ಥೆಯ ಮೇಲ್ವಿಚಾರಕಿಯನ್ನು ಕೇಳಿದ. ನಿಮ್ಮ ನೀರಿನಲ್ಲಿರುವುದು ಏನು ಎಂದು ಅವರು ಮರುಪ್ರಶ್ನೆ ಹಾಕಿದರು. ಫ್ಲೋರೈಡ್ ಎಂದಾಗ ತಲೆಯಾಡಿಸಿ, ರೋಗಾಣುವನ್ನು ತಡೆಯುವ ಈ ಮಣ್ಣು ನೀರಿನಲ್ಲಿ ಕರಗಿದ ಫ್ಲೋರೈಡನ್ನು ತಡೆಯಲಾರದು, ಆಳದ ಕೊಳವೆಬಾವಿಯನ್ನು ಬಿಟ್ಟು ಮಳೆನೀರನ್ನು ಹಿಡಿದಿಟ್ಟರೆ ಆಗ ಇದು ನಿಮಗೂ ಉಪಯೋಗಕ್ಕೆ ಬರುತ್ತದೆ ಎಂದರು. ಅಂದು ರಾತ್ರಿ ದೊಡ್ಡಪ್ಪನಿಗೆ ಫೋನ್ ಮಾಡಿ, ನಮ್ಮೂರಿನ ಶಾಲೆಯ ಮಾಳಿಗೆ ಎಷ್ಟು ಚದರ ಅಡಿ ಇದೆ ಎಂದು ಅಳೆಸಿ ತಿಳಿಸಲು ಹೇಳಿದೆ.