ಕಫದ ರಿಪೋರ್ಟಿನಲ್ಲಿ ಟಿಬಿ ಬಂದ ದಿನ

ರಿಪೋರ್ಟಿನಲ್ಲಿ ಟಿಬಿ ಎಂದು ಬಂದ ಸಂಜೆ ಎಷ್ಟೋ ಮನೆಗಳಲ್ಲಿ ಮೊದಲು ಬೇರೆಯಾಗುವುದು ತಟ್ಟೆ, ಲೋಟ. ಗುರುತಿಗೆ ತಟ್ಟೆಯ ತಳಕ್ಕೆ ಕೆಂಪು ನೇಲ್ ಪಾಲಿಶ್ ಚುಕ್ಕೆ ಬೀಳುತ್ತದೆ. ಅದೇ ಹೊತ್ತಿಗೆ, ಥಂಡಿ ತಾಗಬಾರದು, ಪಕ್ಕದ ಮನೆಯವರಿಗೆ ಕೆಮ್ಮು ಕೇಳಿಸಬಾರದು ಎಂದು ಕಿಟಕಿ ಮುಚ್ಚಿ ಪರದೆ ಎಳೆಯುತ್ತಾರೆ. ಟಿಬಿ ಎಂಜಲು ತಟ್ಟೆಯಿಂದ, ಬಟ್ಟೆಯಿಂದ, ಕೈ ಮುಟ್ಟಿದ್ದರಿಂದ ಹರಡುವುದಿಲ್ಲ. ಕೆಮ್ಮಿದಾಗ ಹೊರಬಿದ್ದ ಹನಿಗಳು ಒಣಗಿ, ಕಣ್ಣಿಗೆ ಕಾಣದ ಕಣಗಳಾಗಿ ಗಂಟೆಗಟ್ಟಲೆ ತೇಲುತ್ತವೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಮನೆಮಂದಿ ಉಸಿರಾಡುವುದು ಅದನ್ನೇ.

ಹಾಗಾಗಿ ಇಂಥ ಮನೆಗೆ ಹೋದಾಗ ನಾವು ಮೊದಲು ನೋಡುವುದು ಕಿಟಕಿ. ಒಂದೇ ಕಿಟಕಿ ತೆಗೆದರೆ ಗಾಳಿ ಹೆಚ್ಚು ಓಡುವುದಿಲ್ಲ. ಎದುರಿನ ಬಾಗಿಲೋ ಇನ್ನೊಂದು ಕಿಟಕಿಯೋ ತೆರೆದಿರಬೇಕು. ರೋಗಿಯ ಮಂಚ ಗಾಳಿ ಹೊರಹೋಗುವ ಕಡೆಗಿರಲಿ. ಮುಚ್ಚಿದ ಕೋಣೆಯಲ್ಲಿ ಸೀಲಿಂಗ್ ಫ್ಯಾನ್ ಹಾಕಿದರೆ ಅದೇ ಗಾಳಿ ಸುತ್ತುತ್ತದೆ ಅಷ್ಟೆ. ಟೇಬಲ್ ಫ್ಯಾನಿದ್ದರೆ ಕಿಟಕಿಯ ಬಳಿ ಮುಖ ಹೊರಗೆ ಮಾಡಿ ಇಡಿ. ಬೇರೆ ಕೋಣೆ ಇಲ್ಲದಿದ್ದರೆ ರೋಗಿ ಹಗಲು ಜಗಲಿಯಲ್ಲಿ ಕೂರಲಿ, ರಾತ್ರಿ ಮಕ್ಕಳು ಬೇರೆ ಕಡೆ ಮಲಗಲಿ.

ಮಾಸ್ಕ್ ಮೊದಲು ಹಾಕಬೇಕಾದವರು ರೋಗಿ; ಸಾಧಾರಣ ಸರ್ಜಿಕಲ್ ಮಾಸ್ಕ್ ಸಾಕು, ಒದ್ದೆಯಾದರೆ ಬದಲಿಸಬೇಕು. ಹತ್ತಿರ ಕೂತು ಆರೈಕೆ ಮಾಡುವವರಿಗೆ ಎನ್-95 ಒಳ್ಳೆಯದು. ಬಾಣಂತಿಗೆ ಟಿಬಿ ಬಂದರೂ ಮಗುವಿಗೆ ಎದೆಹಾಲು ತಪ್ಪಿಸಬಾರದು. ಮಾಸ್ಕ್ ಹಾಕಿಕೊಂಡು ಕುಡಿಸಲಿ. ಕಫವನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಉಗುಳಿ, ಟಾಯ್ಲೆಟ್ಟಿಗೆ ಸುರಿದು ನೀರು ಬಿಡಿ. ಡಬ್ಬಿಗೆ ಕುದಿಯುವ ನೀರು ಹಾಕಿಟ್ಟು ಆಮೇಲೆ ತೊಳೆಯಿರಿ. ಪರೀಕ್ಷೆಗೆ ಕಫ ಕೊಡುವಾಗ ಬಚ್ಚಲುಮನೆ ಬೇಡ, ಹಿತ್ತಿಲಲ್ಲೋ ತಾರಸಿಯಲ್ಲೋ ಕೆಮ್ಮಿ ತೆಗೆಯಿರಿ. ಬಚ್ಚಲಲ್ಲಿ ತೆಗೆದರೆ ಮುಂದೆ ಸ್ನಾನಕ್ಕೆ ಹೋದವರಿಗೆ ಆ ಗಾಳಿಯೇ ಕಾದಿರುತ್ತದೆ.

ಆದರೆ ಹರಡುವುದನ್ನು ನಿಜವಾಗಿ ತಡೆಯುವುದು ಮಾತ್ರೆ. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಅಧ್ಯಯನದಲ್ಲಿ ಕೆಲವು ರೋಗಿಗಳನ್ನು ಟಿಬಿ ಆಸ್ಪತ್ರೆಯಾದ ಸ್ಯಾನಿಟೋರಿಯಂಗೆ ಸೇರಿಸಿ, ಉಳಿದವರಿಗೆ ಇಕ್ಕಟ್ಟಾದ ಅವರವರ ಮನೆಗಳಲ್ಲೇ ಔಷಧಿ ಕೊಟ್ಟರು. ಮನೆಯಲ್ಲೇ ಉಳಿದವರ ಕುಟುಂಬಗಳಿಗೆ ಅದರಿಂದ ಹೆಚ್ಚು ಅಪಾಯವೇನೂ ಆಗಲಿಲ್ಲ. ಸರಿಯಾದ ಔಷಧಿ ಶುರುವಾದ ಮೇಲೆ ಹರಡುವ ಶಕ್ತಿ ಬೇಗ ಇಳಿಯುತ್ತದೆ. ಮಾಸ್ಕ್, ಬೇರೆ ಹಾಸಿಗೆ ಎಂಬ ಕಟ್ಟುನಿಟ್ಟು ಬಹಳ ಮುಖ್ಯವಾಗುವುದು ಮೊದಲ ಎರಡು ವಾರಕ್ಕೆ.

ಮಾತ್ರೆ ತೂಕದ ಮೇಲೆ: 35ರಿಂದ 49 ಕೆಜಿಯವರಿಗೆ ದಿನಕ್ಕೆ ಮೂರು, 50ರಿಂದ 64ಕ್ಕೆ ನಾಲ್ಕು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ಮಾತ್ರೆಯಲ್ಲಿರುವ ರಿಫಾಂಪಿಸಿನ್ ಎಂಬ ಔಷಧಿಯ ಬಣ್ಣ. ಕಣ್ಣು ಹಳದಿಯಾದರೆ ಮಾತ್ರ ಆ ದಿನವೇ ವೈದ್ಯರನ್ನು ಕಾಣಬೇಕು. ಚಿಕಿತ್ಸೆ ಕೆಟ್ಟು ಹೋಗುವುದು ಒಂದು ತಿಂಗಳಾದ ಮೇಲೆ: ಕೆಮ್ಮು ನಿಂತು, ಊಟ ಸೇರುತ್ತದೆ, "ಇನ್ಯಾಕೆ ಮಾತ್ರೆ?" ಅನಿಸುತ್ತದೆ. ಬಿಟ್ಟರೆ ಉಳಿದ ರೋಗಾಣು ಮತ್ತೆ ಬೆಳೆಯುತ್ತದೆ, ಆ ಔಷಧಿಗೇ ಬಗ್ಗದಂತೆಯೂ ಆಗಬಹುದು. ಆರು ತಿಂಗಳು ಅಂದರೆ ಆರು ತಿಂಗಳು.

ಮನೆಯವರ ತಪಾಸಣೆಯನ್ನು ಮುಂದೂಡಬೇಡಿ. ಐದು ವರ್ಷದೊಳಗಿನ ಮಕ್ಕಳಿಗೆ ಟಿಬಿ ಇಲ್ಲವೆಂದು ಖಚಿತಪಡಿಸಿಕೊಂಡು ತಡೆ ಔಷಧಿ ಶುರು ಮಾಡುತ್ತಾರೆ. ಹುಟ್ಟಿದಾಗ ಟಿಬಿಯ ಬಿಸಿಜಿ ಲಸಿಕೆ ಹಾಕಿಸಿದ್ದರೂ ಬೇಕು. ದೊಡ್ಡವರಿಗೂ ಈಗ ಕೊಡುತ್ತಾರೆ: ಆರು ತಿಂಗಳು ದಿನವೂ ಐಸೋನಿಯಾಜಿಡ್ ಎಂಬ ಮಾತ್ರೆ, ಅಥವಾ ವಾರಕ್ಕೊಮ್ಮೆಯಂತೆ 12 ವಾರ ನುಂಗುವ ಇನ್ನೊಂದು ಕ್ರಮ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಇಲ್ಲವೇ ಟಿಬಿ ಸಹಾಯವಾಣಿ 1800-11-6666ಕ್ಕೆ ಕರೆ ಮಾಡಿ. ಕರೆಗೂ ಸರ್ಕಾರಿ ಆಸ್ಪತ್ರೆಯ ಔಷಧಿಗೂ ದುಡ್ಡಿಲ್ಲ.